ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಗೊಂಬೆಯ ರೈಫಲ್ ಪೂರ್ತಿ ಬೂಷ್ಟು ಹಿಡಿದ ಹಾಗೆ ಬಿಳಿ! ಯಾರಾದ್ರೂ ಹೇಳಿ

ಮುಲುಂಡ್_ಮಾಣಿ:
ತಲೆ ಕೆಟ್ಟುಹೋಗಿದೆ. 120 ಎಂಎಂ ಎತ್ತರದ ಜವಾನ ಗೊಂಬೆಗಳ ಗುಂಪು ಮಾಡುತ್ತಿದ್ದೇನೆ. 1961ರ ಡಿಸೆಂಬರ್, ಗೋವಾ, ಆಪರೇಷನ್ ವಿಜಯ್. ಮೂವರ ಕೈಯಲ್ಲಿ ತ್ರೀ ನಾಟ್ ತ್ರೀ (.303) ರೈಫಲ್, ಒಬ್ಬನ ಹತ್ತಿರ ಬ್ರೆನ್ ಮೆಷಿನ್ ಗನ್. ಮರದ ಭಾಗಕ್ಕೆ ಎಳೆ ಎಳೆಯಾಗಿ ಬಣ್ಣ ಎಳೆದು, ಬೋಲ್ಟಿಗೆ ಪೆನ್ಸಿಲ್ ಪುಡಿ ಉಜ್ಜಿ, ಎಲ್ಲ ಚೆನ್ನಾಗಿ ಬಂದಿತ್ತು. ಕೊನೆಗೆ ಹೊಳಪು ಕಳೆಯುವ ಮ್ಯಾಟ್ ಹೊಡೆದೆ. ಬೆಳಗ್ಗೆ ಎದ್ದು ನೋಡಿದರೆ ರೈಫಲ್ ಮೇಲೆಲ್ಲ ಬಿಳಿ. ಫೋಟೋ ಹಾಕಿದ್ದೇನೆ. ಒರೆಸಿದರೆ ಹೋಗಲ್ಲ. ನೀರು ತಾಗಿಸಿದರೆ ಮಾಯ, ಒಣಗಿದರೆ ಮತ್ತೆ ಹಾಜರ್. ಹೋದ ಸಲ ಇದೇ ಡಬ್ಬಿ, ಏನೂ ಆಗಿರಲಿಲ್ಲ. ಪೂರ್ತಿ ಕಿತ್ತು ಮೊದಲಿಂದ ಮಾಡು ಅಂತ ಮಾತ್ರ ಹೇಳಬೇಡಿ.

ಖಡ್ಕಿ_ಕಾಕಾ:
ಡಬ್ಬಿ ಸರಿಯಾಗಿ ಅಲುಗಾಡಿಸಿಲ್ಲ. ಅಷ್ಟೇ. ಮ್ಯಾಟ್‌ನಲ್ಲಿ ಸಿಲಿಕಾ ಪುಡಿ ಇರುತ್ತೆ, ಬಿಟ್ಟರೆ ತಳಕ್ಕೆ ಇಳಿಯುತ್ತೆ. ಕೊನೆಗೆ ಆ ಪುಡಿಯೇ ಜಾಸ್ತಿ ಬಂದು ಕೂರುತ್ತೆ. ಒಳಗಿನ ಗುಂಡು ಟಕಟಕ ಅನ್ನೋಕೆ ಶುರುವಾದ ಮೇಲೂ ಎರಡು ನಿಮಿಷ ಅಲುಗಾಡಿಸಬೇಕು ತಮ್ಮಾ.

ಮುಲುಂಡ್_ಮಾಣಿ:
ಕಾಕಾ, ಕೈ ನೋಯುವಷ್ಟು ಅಲುಗಾಡಿಸಿದ್ದೇನೆ.

ಖಡ್ಕಿ_ಕಾಕಾ:
ಎಲ್ಲರೂ ಹಾಗೇ ಹೇಳುವುದು.

ಬೋಲ್ಟ್_ಆ್ಯಕ್ಷನ್:
ಬಿಳಿ ಬಣ್ಣ ಆಮೇಲೆ ನೋಡೋಣ. ಮಧ್ಯದವನ ಕೈಯಲ್ಲಿರುವುದು .303 ಅಲ್ಲವೇ ಅಲ್ಲ! ಫೋಟೋ ದೊಡ್ಡದು ಮಾಡಿ ಮ್ಯಾಗಜಿನ್ ನೋಡಿ. ಚೌಕವಾಗಿದೆ. .303 ಮ್ಯಾಗಜಿನ್ನಿನ ತಳ ಓರೆ ಇರುತ್ತೆ. ಆ ತೋಟೆಗೆ ಹಿಂದೆ ಅಂಚು ಇದೆ, ಒಂದರ ಮುಂದೆ ಒಂದು ಕೂರಬೇಕು. ನಿಮ್ಮದು ಇಶಾಪುರ ಕಾರ್ಖಾನೆಯ 2ಎ ರೈಫಲ್. 7.62 ಎಂಎಂ ತೋಟೆಗೆ ಮಾಡಿದ್ದು, 12 ಗುಂಡಿನ ಮ್ಯಾಗಜಿನ್. 1962ರ ಚೀನಾ ಯುದ್ಧ ಆದ ಮೇಲೆ ಬಂದ ರೈಫಲ್ 1961ರಲ್ಲಿ ಗೋವಾಕ್ಕೆ ಹೇಗೆ ಹೋಯಿತು?

ಸ್ಪ್ರೂ_ಕಟ್ಟರ್:
ಶುರುವಾಯ್ತು. ಅವರು ಕೇಳಿದ್ದು ವಾರ್ನಿಶ್ ಬಗ್ಗೆ ಸ್ವಾಮಿ. ಒಟ್ಟು ರೈಫಲ್ಲೇ 7 ಸೆಂಟಿಮೀಟರ್. ಅದರ ಮ್ಯಾಗಜಿನ್ ಓರೆಯೋ ಚೌಕವೋ, ಕಪಾಟಿನ ಗಾಜಿನಾಚೆಯಿಂದ ಯಾರಿಗೆ ಕಾಣುತ್ತೆ?

ಬೋಲ್ಟ್_ಆ್ಯಕ್ಷನ್:
ನನಗೆ ಕಾಣುತ್ತೆ.

ಮುಲುಂಡ್_ಮಾಣಿ:
ಮೂರು ರೈಫಲ್ಲೂ ಥ್ರೀಡಿ ಪ್ರಿಂಟ್. ಮಾರಿದವನು .303 ಅಂತಲೇ ಕೊಟ್ಟ. ಅದು ಇರಲಿ, ಬಿಳಿ ಹೋಗುವುದು ಹೇಗೆ?

ವಾಸ್ಕೋದವಳು:
ಮೊದಲು ಕೆಲವು ವಿಷಯ ಹೇಳಿ. ಮ್ಯಾಟ್ ಅಂದರೆ ಯಾವುದು, ಥಿನ್ನರ್ ಇರುವ ಲ್ಯಾಕರ್ರಾ, ನೀರಿನ ಅಕ್ರಿಲಿಕ್ಕಾ? ಎಲ್ಲಿ ಕೂತು ಹೊಡೆದಿರಿ? ಎಷ್ಟು ಹೊತ್ತಿಗೆ? ಇನ್ನೊಂದು, ಬ್ರೆನ್ ಹಿಡಿದವನ ಮೇಲೆ ಬಿಳಿ ಇಲ್ಲ. ಅವನಿಗೂ ಇದೇ ಡಬ್ಬಿಯದೇ ಹೊಡೆದದ್ದಾ?

ಮುಲುಂಡ್_ಮಾಣಿ:
ಅಕ್ಕಾ, ಮ್ಯಾಟ್ ಅಂದರೆ ಮ್ಯಾಟ್, ಸ್ಪ್ರೇ ಡಬ್ಬಿ. ವಾಸನೆ ಜೋರು, ಲ್ಯಾಕರ್ರೇ ಇರಬೇಕು. ಬ್ರೆನ್ನಿಗೂ ಅದೇ. ಅವನದು ಮಧ್ಯಾಹ್ನ ಒಳಗೆ ಎಸಿ ರೂಮಿನಲ್ಲಿ ಹೊಡೆದೆ. ಮನೆಯಲ್ಲಿ ವಾಸನೆ ಅಂತ ಬೈದರು. ಉಳಿದವರನ್ನು ರಾತ್ರಿ ಬಾಲ್ಕನಿಗೆ ಒಯ್ದೆ.

ವಾಸ್ಕೋದವಳು:
ಜುಲೈ ತಿಂಗಳು. ಮುಲುಂಡ್. ರಾತ್ರಿ. ಬಾಲ್ಕನಿ. ಮಳೆ ಇತ್ತಾ?

ಮುಲುಂಡ್_ಮಾಣಿ:
ಇಲ್ಲಿ ಮಳೆ ಯಾವಾಗ ಇರಲ್ಲ? ಆದರೆ ಒಂದು ಹನಿಯೂ ಒಳಗೆ ಬಿದ್ದಿಲ್ಲ.

ವಾಸ್ಕೋದವಳು:
ಹನಿ ಬೀಳಬೇಕಾಗಿಲ್ಲ ಮಾರಾಯ್ರೆ. ಲ್ಯಾಕರ್‌ನಲ್ಲಿರುವ ಥಿನ್ನರ್ ಬಹಳ ಬೇಗ ಆರುತ್ತೆ. ಆರುವಾಗ ಮೇಲ್ಮೈಯ ಬಿಸಿ ಎಳೆದುಕೊಳ್ಳುತ್ತೆ. ಮೇಲ್ಮೈ ತಣ್ಣಗಾದ ಕೂಡಲೇ ಗಾಳಿಯ ತೇವ ಅಲ್ಲಿ ಬಂದು ಕೂರುತ್ತೆ. ಪದರ ಗಟ್ಟಿಯಾದಾಗ ತೇವ ಕೂತಿದ್ದ ಜಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗಿ ಉಳಿಯುತ್ತೆ. ಬೆಳಕು ಅಲ್ಲಿ ಚದುರಿ ಬಿಳಿ ಕಾಣುತ್ತೆ. ಪೇಂಟಿನವರು ಇದಕ್ಕೆ ಬ್ಲಶ್ ಅನ್ನುತ್ತಾರೆ. ಸ್ಪ್ರೇ ಡಬ್ಬಿಯಲ್ಲಿ ಇನ್ನೂ ಜಾಸ್ತಿ, ಹೊರಗೆ ಬರುವ ಗ್ಯಾಸೇ ತಣ್ಣಗಿರುತ್ತೆ. ಹೊಡೆದ ಮೇಲೆ ಡಬ್ಬಿ ಮುಟ್ಟಿ ನೋಡಿ, ಗೊತ್ತಾಗುತ್ತೆ.

ಖಡ್ಕಿ_ಕಾಕಾ:
ಇರಬಹುದು. ಆದರೆ ಬ್ರೆನ್ ಮೊದಲು ಹೊಡೆದದ್ದು. ಆಮೇಲೆ ರಾತ್ರಿಯವರೆಗೆ ಡಬ್ಬಿ ಸುಮ್ನೆ ನಿಂತಿತ್ತು. ಪುಡಿ ತಳಕ್ಕೆ ಇಳಿಯಿತು. ನನ್ನ ಮಾತಿಗೂ ಲೆಕ್ಕ ಕೂಡುತ್ತೆ.

ವಾಸ್ಕೋದವಳು:
ಕಾಕಾ, ಹಾಗಾದರೆ ಪರೀಕ್ಷೆ ಮಾಡೋಣ. ಬಿಳಿಯಾದ ಒಂದು ಸ್ಪ್ರೂ (ಕಿಟ್‌ನ ಭಾಗ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿ) ತುಂಡಿನ ಮೇಲೆ ಲ್ಯಾಕರ್ ಥಿನ್ನರನ್ನು ದೂರದಿಂದ, ಮಂಜಿನಷ್ಟೇ ತೆಳುವಾಗಿ ಬಿಡಿ. ಬ್ಲಶ್ ಆಗಿದ್ದರೆ ಪದರ ಕರಗಿ ಸಮ ಆಗಿ ಬಿಳಿ ಹೋಗುತ್ತೆ. ಪುಡಿ ಆಗಿದ್ದರೆ ಹೋಗಲ್ಲ, ಸಿಲಿಕಾ ಥಿನ್ನರ್‌ನಲ್ಲಿ ಕರಗಲ್ಲ.

ಮುಲುಂಡ್_ಮಾಣಿ:
ಗೇಟಿನ ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಸಿಗುತ್ತೆ. ತಂದು ನೇರವಾಗಿ ರೈಫಲ್ಲಿಗೇ ಹೊಡೆಯಲಾ?

ವಾಸ್ಕೋದವಳು, ಸ್ಪ್ರೂ_ಕಟ್ಟರ್ ಇಬ್ಬರೂ ಒಟ್ಟಿಗೇ ಬರೆದದ್ದು:
ಬೇಡ!

ಸ್ಪ್ರೂ_ಕಟ್ಟರ್:
ಎನ್‌ಸಿ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತೆ. ಬ್ಯಾರೆಲ್ ಬಗ್ಗಿ ಹೋಗುತ್ತೆ. ಮಾಡೆಲ್ಲಿಗೆ ಅಂತಲೇ ಬರುವ ಥಿನ್ನರ್ ತನ್ನಿ. ಅದರಲ್ಲೂ ರಿಟಾರ್ಡರ್ ಸೇರಿರುವುದು ಒಳ್ಳೆಯದು, ನಿಧಾನ ಆರುತ್ತೆ, ತೇವ ಹೊರಗೆ ಹೋಗುವುದಕ್ಕೆ ಸಮಯ ಸಿಗುತ್ತೆ. ಮಳೆಗಾಲದಲ್ಲಿ ಕಾರಿಗೆ ಬಣ್ಣ ಹೊಡೆಯುವವರೂ ಇದನ್ನೇ ಸೇರಿಸುವುದು.

ವಾಸ್ಕೋದವಳು:
ಮತ್ತೆ, ಮರಕ್ಕೆ ಎಳೆ ಎಳೆದಿದ್ದೀರಲ್ಲ, ಯಾವ ಬಣ್ಣ?

ಮುಲುಂಡ್_ಮಾಣಿ:
ಆಯಿಲ್ ಕಲರ್. ಬರ್ನ್ಟ್ ಅಂಬರ್ ಮತ್ತು ಸಿಯೆನ್ನಾ. ಅದೂ ಹೇಳಬೇಕಿತ್ತಾ?

ವಾಸ್ಕೋದವಳು:
ಅದೇ ಮುಖ್ಯ. ಥಿನ್ನರ್ ಜಾಸ್ತಿ ಆದರೆ ಮ್ಯಾಟ್ ದಾಟಿ ಒಳಗಿನ ಆಯಿಲ್ ಬಣ್ಣ ಎದ್ದು ಬರುತ್ತೆ, ಎಳೆಗಳೆಲ್ಲ ಕೆಸರಾಗುತ್ತೆ. ಕಬ್ಬಿಣದ ಭಾಗಕ್ಕೆ ಥಿನ್ನರ್ ಮಂಜು ಸಾಕು. ಮರಕ್ಕೆ ಥಿನ್ನರ್ ಬೇಡ. ಎಸಿ ರೂಮಿನಲ್ಲಿ ತೆಳು ಗ್ಲಾಸ್ (ಹೊಳಪಿನ ವಾರ್ನಿಶ್) ಕೋಟ್ ಕೊಡಿ. ಗ್ಲಾಸ್ ಆ ಗುಳಿಗಳಿಗೆ ಇಳಿದು ತುಂಬಿದರೆ ಬಿಳಿ ಅಲ್ಲೇ ಮುಚ್ಚಿಹೋಗುತ್ತೆ. ನೀರು ತಾಗಿಸಿದಾಗ ಮಾಯ ಆಯ್ತು ಅಂದಿರಲ್ಲ, ಕಾರಣ ಅದೇ. ಪೂರ್ತಿ ಆರಿದ ಮೇಲೆ ಮತ್ತೆ ಮ್ಯಾಟ್. ನೂರಾರು ರೂಪಾಯಿಗೆ ತೇವ ಅಳೆಯುವ ಮೀಟರ್ ಸಿಗುತ್ತೆ. ನಾನು ತೇವ ಶೇಕಡಾ 60 ದಾಟಿದರೆ ಲ್ಯಾಕರ್ ಮುಟ್ಟಲ್ಲ. ಇಲ್ಲಿ ವಾಸ್ಕೋದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಬ್ರಶ್ ಕೆಲಸ.

ಖಡ್ಕಿ_ಕಾಕಾ:
ಇದಕ್ಕೇ ನಾನು ಸ್ಪ್ರೇ ಡಬ್ಬಿ ಬಿಟ್ಟದ್ದು. ನನ್ನ ಹತ್ತಿರ ಏರ್‌ಬ್ರಶ್ಶಿಗೆ ಟ್ಯಾಂಕ್ ಇರುವ ಕಂಪ್ರೆಸರ್, ಎರಡು ಕಡೆ ನೀರು ಹಿಡಿಯುವ ಟ್ರ್ಯಾಪ್, 0.2 ಎಂಎಂ ನಾಜಲ್, ಎಕ್ಸಾಸ್ಟ್ ಇರುವ ಬೂತ್. ಪುಣೆಯ ಮಳೆ ಏನೂ ಮಾಡಲ್ಲ. ಒಣಗಿಸುವುದಕ್ಕೆ ಬಲ್ಬ್ ಹಾಕಿದ ಪೆಟ್ಟಿಗೆ ಬೇರೆ.

ಸ್ಪ್ರೂ_ಕಟ್ಟರ್:
ಕಾಕಾ, ಟ್ರ್ಯಾಪ್ ಹಿಡಿಯುವುದು ಪೈಪಿನೊಳಗಿನ ನೀರು. ರೂಮಿನ ಗಾಳಿಯ ತೇವಕ್ಕೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ಆ ಬಲ್ಬ್ ಪೆಟ್ಟಿಗೆಗೆ ಹಸಿ ಲ್ಯಾಕರ್ ಇಡಬೇಡಿ, ಆವಿಗೆ ಬೆಂಕಿ ಹತ್ತುತ್ತೆ.

ಖಡ್ಕಿ_ಕಾಕಾ:
ಇಷ್ಟು ವರ್ಷ ಹತ್ತಿಲ್ಲ.

ಬೋಲ್ಟ್_ಆ್ಯಕ್ಷನ್:
ವಾರ್ನಿಶ್ ಮುಗಿಯಿತಲ್ಲ, ಈಗ ಹೇಳಬಹುದಾ? ಗ್ಲಾಸ್ ಹೊಡೆಯುವ ಮೊದಲೇ ಎರಡು ತಿದ್ದುಪಡಿ. ಹಿಂದಿನ ಬಟ್ ಪ್ಲೇಟ್ ಕಪ್ಪು ಬಳಿದಿದ್ದೀರಿ, ಹಿತ್ತಾಳೆ ಮಾಡಿ. ಇಶಾಪುರದ .303 ಬೇಕು ಅಂದರೆ ಮ್ಯಾಗಜಿನ್ ಮುಂದೆ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ತಲೆ ಚುಕ್ಕೆ ಇಡಿ. ಮರ ಸೀಳದಿರಲಿ ಅಂತ ಹಾಕುತ್ತಿದ್ದರು. ಮಧ್ಯದವನ ಚೌಕ ಮ್ಯಾಗಜಿನ್ನಿನ ತಳವನ್ನು ಅರದಿಂದ ಓರೆಗೆ ಉಜ್ಜಿದರೆ ಅದೂ .303 ಆಗುತ್ತೆ. ಈ ರೈಫಲ್ಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1962ರಲ್ಲಿ ನೇಫಾದಲ್ಲಿ (ಈಗಿನ ಅರುಣಾಚಲ) ನಮ್ಮವರು ಹೋರಾಡಿದ್ದು ಇದರಿಂದಲೇ. 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ಸ್ಟೇಷನ್ನಿನಲ್ಲಿ ಪೊಲೀಸರ ಕೈಯಲ್ಲಿ ಇದ್ದದ್ದೂ ಇದೇ.

ಸ್ಪ್ರೂ_ಕಟ್ಟರ್:
2ಎ ಅಂದಿರಲ್ಲ, 2ಎ1 ಯಾಕಾಗಬಾರದು?

ಬೋಲ್ಟ್_ಆ್ಯಕ್ಷನ್:
ಸೈಟ್ (ಗುರಿ ಹಿಡಿಯುವ ಪಟ್ಟಿ) ನೋಡಿ ಹೇಳಬೇಕು. 2ಎಯಲ್ಲಿ 2000ದವರೆಗೆ ದೂರದ ಅಂಕಿ, 2ಎ1ನಲ್ಲಿ 800ರವರೆಗೆ. ಮಾಣಿ, ಸೈಟಿನ ಹತ್ತಿರದ ಫೋಟೋ ಹಾಕಿ.

ಸ್ಪ್ರೂ_ಕಟ್ಟರ್:
7 ಸೆಂಟಿಮೀಟರ್ ರೈಫಲ್ಲಿನಲ್ಲಿ ಅಂಕಿ ಹುಡುಕುತ್ತಿದ್ದಾರೆ. ದೇವರೇ ಕಾಪಾಡಬೇಕು.

ಮುಲುಂಡ್_ಮಾಣಿ:
ಅಪ್‌ಡೇಟ್. ಸ್ಪ್ರೂ ತುಂಡಿನ ಮೇಲೆ ಬಿಳಿ ಪೂರ್ತಿ ಹೋಯ್ತು, ಅಂದರೆ ಅಕ್ಕ ಹೇಳಿದ್ದೇ. ಬ್ಯಾರೆಲ್, ಬೋಲ್ಟ್, ಮ್ಯಾಗಜಿನ್ ಎಲ್ಲ ಸರಿಯಾಗಿದೆ. ಪೆನ್ಸಿಲ್ ಪುಡಿಯ ಹೊಳಪು ಸ್ವಲ್ಪ ಕಮ್ಮಿಯಾಗಿದೆ, ಮತ್ತೆ ಉಜ್ಜುತ್ತೇನೆ. ಮರದ ಮೇಲೆ ಗ್ಲಾಸ್ ಕೊಟ್ಟೆ. ಎರಡು ರೈಫಲ್ ಚೆನ್ನಾಗಿವೆ. ಮೂರನೆಯದರಲ್ಲಿ ಬಟ್ ಹತ್ತಿರ, ಬೆರಳು ಹಿಡಿಯುವ ಸಂದಿಯಲ್ಲಿ ಬಿಳಿ ಗೆರೆ ಇನ್ನೂ ಇದೆ.

ಖಡ್ಕಿ_ಕಾಕಾ:
ಸಂದಿಯಲ್ಲಿ ಉಳಿಯಿತು ಅಂದರೆ ಅದು ಪುಡಿ. ಸಂದಿಯಲ್ಲೇ ಪುಡಿ ಕೂರುವುದು.

ವಾಸ್ಕೋದವಳು:
ಸಂದಿಗೆ ಗ್ಲಾಸ್ ಇಳಿದಿಲ್ಲ ಅಷ್ಟೇ. 000 ಬ್ರಶ್ಶಿನಿಂದ ಅಲ್ಲಿಗೆ ಮಾತ್ರ ಮುಟ್ಟಿಸಿ.

ಖಡ್ಕಿ_ಕಾಕಾ:
ನೋಡೋಣ, ಹೋದರೆ ಹೇಳಿ.

ಬೋಲ್ಟ್_ಆ್ಯಕ್ಷನ್:
ಸೈಟಿನ ಫೋಟೋ?

ಮಡಗಾಂವ್_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು 1965ರ ಸೀನ್ ಮಾಡುತ್ತಿದ್ದೇನೆ, ಆ ಚೌಕ ಮ್ಯಾಗಜಿನ್ನಿನ ರೈಫಲ್ಲೇ ಬೇಕು. ಮಾಣಿಯವರೇ, ಪ್ರಿಂಟ್ ಎಲ್ಲಿ ಸಿಕ್ಕಿತು? ದಯವಿಟ್ಟು ಅರದಿಂದ ಉಜ್ಜಬೇಡಿ, ಬದಲಿಗೆ ನಾನು ಓರೆ ಮ್ಯಾಗಜಿನ್ನಿನದು ಕೊಡುತ್ತೇನೆ.