ಸುಳ್ಳು ಫಾರ್ವರ್ಡ್ ಪತ್ತೆ: ಒಂದೇ ಪೀರಿಯಡ್‌ನಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ಒಂಬತ್ತನೇ ತರಗತಿ, 45 ಮಕ್ಕಳು, ಒಂದು ಪ್ರೊಜೆಕ್ಟರ್, 40 ನಿಮಿಷ. ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲ. ವಾಟ್ಸಾಪ್ ವದಂತಿ ಪರೀಕ್ಷಿಸುವುದನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ 1: 2018ರ ಮಕ್ಕಳ ಕಳ್ಳರ ವಿಡಿಯೊ ತೆಗೆದುಕೊಳ್ಳಿ ಮೇಡಂ. ಅದು ಕರಾಚಿಯ ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರ. ಎತ್ತಿಕೊಂಡು ಹೋದ ಮಗುವನ್ನು ವಾಪಸ್ ಬಿಟ್ಟು ಜಾಗೃತಿ ಫಲಕ ತೋರಿಸುವ ಕೊನೆಯ ಭಾಗ ಕತ್ತರಿಸಿ ಹರಿಬಿಟ್ಟಿದ್ದರು. ಆ ವರ್ಷ ಇಂಥ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಂದು ಜೀವವೇ ಹೋಯಿತು. ತೋರಿಸುವ ಮೊದಲೇ 'ಇದು ಕತ್ತರಿಸಿದ್ದು' ಎಂದು ಹೇಳಿಬಿಡಿ. ಇಲ್ಲದಿದ್ದರೆ ಹಿಂದಿನ ಬೆಂಚಿನವರಿಗೆ ವದಂತಿಯಷ್ಟೇ ನೆನಪುಳಿಯುತ್ತದೆ.

ಉತ್ತರ 2: ವಿಡಿಯೊವನ್ನು ಮೂರ್ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟರೆ ಅದು ಬೇರೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ಚಿತ್ರದ ಮೇಲಿನ ಬರಹ ಕ್ರಾಪ್ ಮಾಡಲೇಬೇಕು. ಬಿಟ್ಟರೆ ಹುಡುಕಾಟ ಆ ಅಕ್ಷರಗಳ ಹಿಂದೆ ಹೋಗುತ್ತದೆ. ಟಿನ್‌ಐ ಎಂಬ ಇಂಥದ್ದೇ ಇನ್ನೊಂದು ತಾಣದಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಆದರೆ ಅಲ್ಲಿ ಕಾಣುವುದು ಆ ತಾಣಕ್ಕೆ ಚಿತ್ರ ಸಿಕ್ಕ ದಿನಾಂಕ, ಚಿತ್ರ ತೆಗೆದ ದಿನಾಂಕವಲ್ಲ. ಮಕ್ಕಳು ಎಡವುವುದೇ ಇಲ್ಲಿ.

ಉತ್ತರ 3: ಐದೈದು ಜನರ ಒಂಬತ್ತು ಗುಂಪು ಮಾಡಿ, ಸ್ಕ್ರೀನ್‌ಶಾಟ್ ಪ್ರಿಂಟ್ ಹಂಚಿ. ವಾಟ್ಸಾಪ್ ಫಾರ್ವರ್ಡ್ ಮೇಲೆ ಕಾಣುವ ಜೋಡಿ ಬಾಣದ ಗುರುತು ವಿವರಿಸಿ: ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದಷ್ಟೇ ಅದರ ಅರ್ಥ, ಸುಳ್ಳು ಎಂದಲ್ಲ. ಒಂದೆರಡು ನಿಜವಾದ ಸುದ್ದಿಯನ್ನೂ ಸೇರಿಸಿ. ಇಲ್ಲವಾದರೆ ಎಲ್ಲದಕ್ಕೂ 'ಫೇಕ್' ಎಂದೇ ಬರೆಯುತ್ತಾರೆ.