ವಿಸಾಕ್ ಟೆಸ್ಟ್ ತಾನಾಗಿಯೇ ಓಡಬೇಕು: ನೀವು ಹೇಗೆ ಮಾಡಿಕೊಂಡಿದ್ದೀರಿ?

ಬೆಳಗಾವಿ, ಟಿಳಕವಾಡಿಯಿಂದ
ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಕರ್ನಲ್‌ನ ವಿಸಾಕ್ ಭಾಗಕ್ಕೆ ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಬರೆಯುತ್ತಿದ್ದೇನೆ. ಹೋಸ್ಟ್ (ನಮ್ಮ ಅಸಲಿ ಮಷಿನ್) ಮತ್ತು ಅದರೊಳಗೆ ಓಡುವ ವರ್ಚುವಲ್ ಮಷಿನ್ (ವಿಎಂ) ಐಪಿ ವಿಳಾಸವಿಲ್ಲದೆ ಮಾತಾಡುವ ಸಾಕೆಟ್ ಅದು. ಪ್ರತಿ ಸಲ ಎರಡು ಟರ್ಮಿನಲ್ ತೆರೆದು, ಇಲ್ಲಿ ಸರ್ವರ್, ವಿಎಂ ಒಳಗೆ ಕ್ಲೈಂಟ್ ಓಡಿಸಿ ಸಾಕಾಗಿದೆ. ಸ್ಕ್ರಿಪ್ಟ್ ಬರೆದೆ. ಒಮ್ಮೆ ಪಾಸ್, ಒಮ್ಮೆ ಫೇಲ್. ಮಾಡಿದವರಿದ್ದರೆ ಹೇಳಿ.

ವಿಜಯಪುರದಿಂದ
ತಮ್ಮಾ, ಸ್ಕ್ರಿಪ್ಟಿನಲ್ಲಿ ‘ಸ್ಲೀಪ್ 10’, ಅಂದರೆ ಹತ್ತು ಸೆಕೆಂಡ್ ಸುಮ್ಮನೆ ಕಾಯುವುದು, ಇದೆಯಾ ನೋಡು. ನನ್ನದರಲ್ಲೂ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ವಿಎಂ ಬೇಗ ಏಳುತ್ತಿತ್ತು. ಕೆವಿಎಂ (ಪ್ರೊಸೆಸರ್ ನೆರವಿನಿಂದ ವಿಎಂ ಬೇಗ ಓಡಿಸುವ ಕರ್ನಲ್ ಸೌಲಭ್ಯ) ಇಲ್ಲದ ಮಷಿನ್‌ನಲ್ಲಿ ಅದೇ ವಿಎಂ ಒಂದು ನಿಮಿಷ ತೆಗೆದುಕೊಂಡಿತು. ಹತ್ತನ್ನು 30 ಮಾಡಿದೆ, 60 ಮಾಡಿದೆ, ಆದರೂ ನೆಚ್ಚುವ ಹಾಗಿರಲಿಲ್ಲ. ಸರ್ವರಿನ ಕಂಟ್ರೋಲ್ ಪೋರ್ಟ್ (ಎರಡೂ ಕಡೆ ಹೆಜ್ಜೆ ಹೊಂದಿಸಿಕೊಳ್ಳುವ ಪೋರ್ಟ್) ತೆರೆದಿದೆಯಾ ಅಂತ ‘ಎಸ್‌ಎಸ್’ ಕಮಾಂಡಿನಲ್ಲಿ ಸೆಕೆಂಡಿಗೊಮ್ಮೆ ನೋಡು, ತೆರೆದ ಮೇಲೆ ಕ್ಲೈಂಟ್ ಬಿಡು. ಆ ಕಂಟ್ರೋಲ್ ಪೋರ್ಟ್ ಟಿಸಿಪಿಯದು, ವಿಸಾಕ್‌ದಲ್ಲ. ಹಾಗಾಗಿ ವಿಎಂಗೆ ಮಾಮೂಲಿ ನೆಟ್‌ವರ್ಕ್ ಕೂಡ ಬೇಕು. ವಿಎಂ ಓಡಿಸುವ ಪ್ರೋಗ್ರಾಂ ಕ್ಯೂಎಮುವಿನ ಯೂಸರ್ ನೆಟ್‌ವರ್ಕ್ ಆದರೆ ಒಳಗಿನಿಂದ ಹೋಸ್ಟ್ ವಿಳಾಸ 10.0.2.2.

ಇನ್ನೊಂದು ವಿಷಯ, ಇದು ನನ್ನ ಒಂದು ವಾರ ತಿಂದಿದೆ. ಫಲಿತಾಂಶದಲ್ಲಿ ‘ನಾಟ್ ಓಕೆ’ ಮಾತ್ರ ಹುಡುಕುತ್ತಿದ್ದೆ. ಎಲ್ಲ ಹಸಿರು. ಒಂದು ದಿನ ಸುಮ್ನೆ ಲಾಗ್ ತೆರೆದು ಓದಿದೆ: ಸಾಲು ಸಾಲಾಗಿ ‘ಓಕೆ’, ಕೊನೆಗೆ ‘# ಸ್ಕಿಪ್’. ಹೋಸ್ಟಿನಲ್ಲಿ ವಿಸಾಕ್‌ನ ಹೋಸ್ಟ್ ಕಡೆಯ ಕೆಲಸ ಮಾಡುವ ವಿಹೋಸ್ಟ್-ವಿಸಾಕ್ ಮಾಡ್ಯೂಲ್ ಲೋಡ್ ಆಗಿರಲೇ ಇಲ್ಲ. ಒಂದು ಟೆಸ್ಟೂ ಓಡಿರಲಿಲ್ಲ! ಕೆಸೆಲ್ಫ್‌ಟೆಸ್ಟ್‌ನಲ್ಲಿ (ಕರ್ನಲ್ ಜೊತೆಗೇ ಬರುವ ಟೆಸ್ಟ್‌ಗಳಲ್ಲಿ) ಸ್ಕಿಪ್ ಆದರೆ ಎಕ್ಸಿಟ್ ಕೋಡ್ 4. ಅದನ್ನು ಬೇರೆಯಾಗಿ ಎಣಿಸು.

ಬಾಗಲಕೋಟೆ, ನವನಗರದಿಂದ
ಅಕ್ಕ ಹೇಳಿದ್ದು ಸರಿ. ನಾನು ಸೇರಿಸುವುದು ಸಿಐಡಿ ಬಗ್ಗೆ, ಅಂದರೆ ವಿಸಾಕ್‌ನಲ್ಲಿ ವಿಳಾಸವಾಗಿ ಬಳಸುವ ಸಂಖ್ಯೆ. 1 ಲೋಕಲ್, 2 ಹೋಸ್ಟ್, ಗೆಸ್ಟ್‌ಗಳಿಗೆ (ವಿಎಂಗಳಿಗೆ) 3ರಿಂದ ಮೇಲೆ. ಸ್ಕ್ರಿಪ್ಟನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದಾಗ ಹಿಂದೆ ಕ್ಯೂಎಮು ಉಳಿದುಬಿಟ್ಟರೆ 3 ಅದರ ಕೈಯಲ್ಲೇ ಇರುತ್ತದೆ, ಅದೇ 3 ಕೇಳುವ ಮುಂದಿನ ವಿಎಂ ಏಳುವುದೇ ಇಲ್ಲ. ಕ್ಯೂಎಮುವಿನ ಪ್ರೊಸೆಸ್ ಸಂಖ್ಯೆ ಬರೆದಿಡುವ ಪಿಐಡಿ ಫೈಲ್ ಇಟ್ಟುಕೊಂಡು, ಸ್ಕ್ರಿಪ್ಟ್ ಹೊರಹೋಗುವಾಗ ಆ ಕ್ಯೂಎಮುವನ್ನು ಕೊಲ್ಲುವ ‘ಟ್ರ್ಯಾಪ್’ ಬರೆಯಿರಿ.

ಪ್ಯಾಚ್ ಯಾವ ಕಡೆಯದು ಅಂತ ನೀವು ಹೇಳಿಲ್ಲ. ಗೆಸ್ಟ್ ಕಡೆ ಓಡುವುದು ವರ್ಟಿಯೋ ಕೋಡ್, ಹೋಸ್ಟ್ ಕಡೆ ವಿಹೋಸ್ಟ್. ವರ್ಟ್‌ಮಿ-ಎನ್‌ಜಿಯಲ್ಲಿ (ನಾವು ಕಟ್ಟಿದ ಕರ್ನಲ್ಲನ್ನು ವಿಎಂನಲ್ಲಿ ಎಬ್ಬಿಸುವ ಸಾಧನ) ಹೊಸ ಕರ್ನಲ್ ಬೂಟ್ ಮಾಡಿದರೆ ಗೆಸ್ಟ್ ಮಾತ್ರ ಹೊಸದು, ಹೋಸ್ಟ್ ನಿಮ್ಮ ಹಳೆಯ ಕರ್ನಲ್ಲೇ. ವಿಹೋಸ್ಟ್ ಪ್ಯಾಚ್ ಆದರೆ ವಿಎಂ ಒಳಗೆ ಇನ್ನೊಂದು ವಿಎಂ ಎಬ್ಬಿಸಬೇಕು. ಸರ್ವರ್ ಗೆಸ್ಟಿನಲ್ಲಿ ಒಮ್ಮೆ, ಹೋಸ್ಟಿನಲ್ಲಿ ಒಮ್ಮೆ, ಲೂಪ್‌ಬ್ಯಾಕ್ (ಸರ್ವರ್, ಕ್ಲೈಂಟ್ ಎರಡೂ ಒಂದೇ ಕಡೆ) ಒಮ್ಮೆ, ಮೂರೂ ಓಡಿಸಿ. ಕರ್ನಲ್ ಸೋರ್ಸಿನ ಸೆಲ್ಫ್‌ಟೆಸ್ಟ್ಸ್ ಫೋಲ್ಡರಿನಲ್ಲಿರುವ ವಿಎಂಟೆಸ್ಟ್ ಸ್ಕ್ರಿಪ್ಟ್ ಈ ಮೂರನ್ನೂ ಓಡಿಸುತ್ತದೆ. ಟೆಸ್ಟ್ ಮುಂಚೆ ಮತ್ತು ಆದ ಮೇಲೆ ಕರ್ನಲ್ ಲಾಗಿನಲ್ಲಿ ಊಪ್ಸ್ (ಕರ್ನಲ್ ಎಡವಿದ ಸುದ್ದಿ), ವಾರ್ನಿಂಗ್ ಜಾಸ್ತಿಯಾಗಿದೆಯಾ ಅಂತಲೂ ನೋಡುತ್ತದೆ.

ಬೆಳಗಾವಿಯಿಂದ, ಮತ್ತೆ
ಅಕ್ಕ, ಅಣ್ಣ, ತುಂಬಾ ಥ್ಯಾಂಕ್ಸ್. ಪ್ಯಾಚ್ ವಿಹೋಸ್ಟ್‌ನದೇ. ಅಂದರೆ ಮೂರು ದಿನದಿಂದ ಹಳೆಯ ಕೋಡನ್ನೇ ಟೆಸ್ಟ್ ಮಾಡಿದ್ದೇನೆ, ಅಲ್ವಾ? ಇವತ್ತು ರಾತ್ರಿ ವಿಎಂ ಒಳಗೆ ವಿಎಂ ಎಬ್ಬಿಸುತ್ತೇನೆ. ಲಾಗ್ ನಾಳೆ ಇಲ್ಲೇ ಹಾಕುತ್ತೇನೆ.