ಜಪಾನಿನವರು ‘ಯೆಸ್’ ಎಂದರೆ ಒಪ್ಪಿದಂತೆಯೇ?

ಪ್ರಶ್ನೆ – ಮಲೆನಾಡಿನ ಮಳೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಯಂತ್ರಭಾಗಗಳ ವಿನ್ಯಾಸ ಮಾಡುವ 11 ಜನರ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಕಳೆದ ವರ್ಷದಿಂದ ನಮ್ಮ ಕೆಲಸದ ಹೆಚ್ಚಿನ ಪಾಲು ಜಪಾನಿನ ನಗೊಯಾದ ಒಂದು ಕಂಪನಿಗೆ ಹೋಗುತ್ತಿದೆ. ವಾರಕ್ಕೊಮ್ಮೆ ವಿಡಿಯೊ ಸಭೆ ಇರುತ್ತದೆ, ಮಾತೆಲ್ಲ ಇಂಗ್ಲಿಷಿನಲ್ಲಿ. ಎರಡು ತಿಂಗಳ ಹಿಂದೆ ನಕ್ಷೆಯ ಒಂದು ಬದಲಾವಣೆಯನ್ನು ನಾನು ವಿವರಿಸುತ್ತಿದ್ದಾಗ ಅಲ್ಲಿನ ಹಿರಿಯರು ಪ್ರತಿ ವಾಕ್ಯಕ್ಕೂ ‘ಯೆಸ್, ಯೆಸ್’ ಎಂದು ತಲೆಯಾಡಿಸಿ, ಕೊನೆಗೆ ‘ಪರಿಶೀಲಿಸುತ್ತೇವೆ’ ಎಂದರು. ಒಪ್ಪಿಗೆ ಸಿಕ್ಕಿತೆಂದು ನಾವು ಕೆಲಸ ಮುಂದುವರಿಸಿದೆವು. ಮೂರು ವಾರಗಳಾದ ಮೇಲೆ, ಆ ಬದಲಾವಣೆಯನ್ನು ತಾವು ಒಪ್ಪಿರಲೇ ಇಲ್ಲವೆಂದು ತಿಳಿಸುವ, ಅತ್ಯಂತ ವಿನಯದ ಮಿಂಚಂಚೆ ಬಂತು. ಇತ್ತ ನಮ್ಮ ಮೇಲೂ ಅವರಿಗೆ ಅಸಮಾಧಾನವಿದೆ: ‘ತೊಂದರೆಯಿಲ್ಲ, ಆಗುತ್ತದೆ’ ಎಂದು ಹೇಳಿ, ಗಡುವಿನ ಹಿಂದಿನ ದಿನ ಆಗಲಿಲ್ಲವೆಂದು ತಿಳಿಸುತ್ತೇವೆಂಬುದು ಅವರ ದೂರು, ಅದು ಸುಳ್ಳೂ ಅಲ್ಲ. ಅನುಭವವಿರುವವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಯೊಕೊಹಾಮಾವಾಸಿ

ನಾನು ಇಲ್ಲಿ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ನೀವು ಕೇಳಿದ ‘ಯೆಸ್’ ಎಂಬುದು ಜಪಾನಿ ಭಾಷೆಯ ‘ಹಾಯ್’ ಪದವು ಇಂಗ್ಲಿಷಿನ ಅಂಗಿ ತೊಟ್ಟು ಬಂದದ್ದು. ಎದುರಿನವರು ಮಾತನಾಡುವಾಗ ನಡುನಡುವೆ ಹೀಗೆ ದನಿಗೂಡಿಸುವುದಕ್ಕೆ ಅಲ್ಲಿ ‘ಐಝುಚಿ’ ಎಂಬ ಹೆಸರೇ ಇದೆ. ಕನ್ನಡಿಗರಿಗೆ ಇದನ್ನು ವಿವರಿಸುವುದು ಬಹಳ ಸುಲಭ, ಏಕೆಂದರೆ ಅಜ್ಜಿ ಕಥೆ ಹೇಳುವಾಗ ನಾವೆಲ್ಲ ಹೂಂಗುಟ್ಟಿದವರೇ. ಹೂಂಗುಟ್ಟಿದ ಮಗು ಕಥೆಯ ರಾಕ್ಷಸನನ್ನು ಒಪ್ಪಿಕೊಂಡಿತೆಂದು ಯಾವ ಅಜ್ಜಿಯೂ ತಿಳಿಯಲಿಲ್ಲ. ಇನ್ನು ‘ಪರಿಶೀಲಿಸುತ್ತೇವೆ’ ಎಂಬುದು ‘ಕೆಂತೋ ಶಿಮಾಸು’ ಎಂಬ ಮಾತಿನ ಅನುವಾದವಿರಬೇಕು. ಯಾರು, ಯಾವ ದಿನದೊಳಗೆ ಎಂಬುದಿಲ್ಲದೆ ಈ ಮಾತು ಬಂದರೆ ಅದು ಬಹುತೇಕ ನಿರಾಕರಣೆ. ಹೆಣ್ಣು ನೋಡಲು ಬಂದವರು ಹೊರಡುವಾಗ ‘ನೋಡೋಣ, ತಿಳಿಸುತ್ತೇವೆ’ ಎಂದಂತೆ. ‘ಸ್ವಲ್ಪ ಕಷ್ಟ’ ಎಂದರಂತೂ ‘ಆಗುವುದಿಲ್ಲ’ ಎಂದೇ ಓದಿಕೊಳ್ಳಿ.

ನಿಷೇಧ ರೂಪದ ಪ್ರಶ್ನೆಗಳನ್ನೂ ಬಿಟ್ಟುಬಿಡಿ. ‘ಈ ಅಳತೆ ಬದಲಾಗುವುದಿಲ್ಲವೇ?’ ಎಂದು ಕೇಳಿದರೆ, ಜಪಾನಿ ಭಾಷೆಯ ರೂಢಿಯಂತೆ ‘ಹೌದು’ ಎಂದರೆ ‘ನೀವು ಹೇಳಿದ್ದು ಸರಿ, ಬದಲಾಗುವುದಿಲ್ಲ’ ಎಂದರ್ಥ; ಇಂಗ್ಲಿಷಿನಲ್ಲಿ ಅದು ತಿರುಗುಮುರುಗಾಗುತ್ತದೆ. ‘ಅಳತೆ 40 ಮಿಲಿಮೀಟರ್ ಇರಲೋ, 42 ಇರಲೋ, ಯಾವ ದಿನದೊಳಗೆ ತಿಳಿಸುವಿರಿ?’ ಎಂದು ಕೇಳಿ. ಈ ಪ್ರಶ್ನೆಗೆ ಬರಿಯ ‘ಯೆಸ್’ ಉತ್ತರವಾಗಲಾರದು. ಇನ್ನೊಂದು ಮಾತು: ನಾವು ‘ಆಯಿತು’ ಎನ್ನುವಾಗ ತಲೆಯನ್ನು ಪಕ್ಕಕ್ಕೆ ಓಲಿಸುತ್ತೇವಲ್ಲ, ಜಪಾನಿನಲ್ಲಿ ತಲೆಯನ್ನು ಹಾಗೆ ಓರೆ ಮಾಡುವುದು ಸಂಶಯದ ಗುರುತು. ನೀವು ಒಪ್ಪಿದಾಗಲೆಲ್ಲ ಅವರಿಗೆ ನೀವು ಅನುಮಾನಿಸಿದಂತೆ ಕಂಡಿದ್ದರೂ ಆಶ್ಚರ್ಯವಿಲ್ಲ.

ಉತ್ತರ 2 – ಬಿಡದಿಯ ನಿವೃತ್ತ

ಬಿಡದಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಜಪಾನಿ ಎಂಜಿನಿಯರುಗಳೊಂದಿಗೆ ಅನೇಕ ವರ್ಷ ದುಡಿದವನು ನಾನು. ನಿಮ್ಮ ತಪ್ಪು ಸಭೆಯಲ್ಲಿ ಆದದ್ದಲ್ಲ, ಸಭೆಗೆ ಮೊದಲೇ ಆದದ್ದು. ಅವರಲ್ಲಿ ‘ನೆಮವಾಶಿ’ ಎಂಬ ಪದವಿದೆ. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆದು ಅದನ್ನು ಸಿದ್ಧಪಡಿಸುವುದು ಅದರ ಮೂಲಾರ್ಥ. ಸಂಬಂಧಪಟ್ಟ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಮಾತನಾಡಿಸಿ, ಆಕ್ಷೇಪಗಳನ್ನು ಅಲ್ಲೇ ಕೇಳಿಕೊಂಡು, ಆಮೇಲೆ ವಿಷಯವನ್ನು ಸಭೆಗೆ ತರಬೇಕು. ಸಭೆಯಲ್ಲೇ ಮೊದಲ ಬಾರಿಗೆ ಪ್ರಸ್ತಾಪಿಸಿದ್ದಕ್ಕೆ ಹತ್ತು ಜನರ ಎದುರು ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಹೇಳೆಂದರೆ ಅವರು ಇಕ್ಕಟ್ಟಿಗೆ ಸಿಲುಕುತ್ತಾರೆ.

ಗಡುವಿನ ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷ. ವರದಿ, ಮಾಹಿತಿ, ಸಮಾಲೋಚನೆ ಎಂಬ ಮೂರು ಪದಗಳ ಮೊದಲ ಭಾಗಗಳನ್ನು ಜೋಡಿಸಿ ಅವರು ‘ಹೋರೆನ್‌ಸೋ’ ಎನ್ನುತ್ತಾರೆ. ಪಾಲಕ್ ಸೊಪ್ಪಿಗೂ ಅಲ್ಲಿ ಅದೇ ಹೆಸರಾದ್ದರಿಂದ ಹೊಸಬರೂ ಇದನ್ನು ಮರೆಯುವುದಿಲ್ಲ. ಕೆಲಸ ಅರ್ಧದಲ್ಲಿರುವಾಗಲೇ, ಎಲ್ಲ ಸರಿಯಾಗಿದ್ದರೂ ಸ್ಥಿತಿಗತಿ ತಿಳಿಸುತ್ತಿರಬೇಕೆಂಬುದು ಅವರ ನಿರೀಕ್ಷೆ. ನಮ್ಮಲ್ಲಿ ಹಿರಿಯರಿಗೆ ‘ಆಗುವುದಿಲ್ಲ’ ಎನ್ನುವುದು ಅವಿಧೇಯತೆಯಂತೆ ಕಾಣುವುದರಿಂದ ಹುಡುಗರು ಕೆಟ್ಟ ಸುದ್ದಿಯನ್ನು ಕೊನೆಯವರೆಗೂ ಬಚ್ಚಿಡುತ್ತಾರೆ. ಈ ಚಾಳಿಯನ್ನು ಸಂಸ್ಕೃತಿಯ ಭೇದವೆಂದು ಹೇಳಿ ಸಮರ್ಥಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 3 – ಭಾಷೆಯ ಮೇಷ್ಟ್ರು

ಮೇಲಿನ ಇಬ್ಬರ ಮಾತೂ ಉಪಯುಕ್ತವೇ, ಆದರೂ ಒಂದು ತಕರಾರಿದೆ. ‘ಜಪಾನಿನವರು ಹೀಗೆ’ ಎಂದು ಪಟ್ಟಿ ಮಾಡಿಕೊಂಡು ಸಭೆಗೆ ಹೋದವನಿಗೆ ಪಟ್ಟಿ ಕಾಣಿಸುತ್ತದೆಯೇ ಹೊರತು ಎದುರಿಗಿರುವ ವ್ಯಕ್ತಿ ಕಾಣಿಸುವುದಿಲ್ಲ. ಹಿಂದೆ ಅಮೆರಿಕದಲ್ಲೋ ಜರ್ಮನಿಯಲ್ಲೋ ಕೆಲಸ ಮಾಡಿ ಬಂದ ಜಪಾನಿ ಎಂಜಿನಿಯರ್ ನಿಮಗಿಂತ ನೇರವಾಗಿ ಮಾತನಾಡಬಹುದು. ನನ್ನ ಅನುಮಾನವೆಂದರೆ ಇಲ್ಲಿ ತೊಡಕಾಗಿರುವುದು ಅವರ ಸಂಸ್ಕೃತಿಯೂ ಅಲ್ಲ, ನಮ್ಮದೂ ಅಲ್ಲ. ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ ಇಬ್ಬರೂ ತಮ್ಮ ತಮ್ಮ ಮನೆಮಾತಿನ ಸೌಜನ್ಯವನ್ನು ಆಡುತ್ತಿರುವುದು. ಒಂದು ಉದಾಹರಣೆ ಕೊಡುತ್ತೇನೆ. ಹೊರಗಿನವರ ಮುಂದೆ ನಾವು ‘ನಮ್ಮ ಮ್ಯಾನೇಜರ್ ಸಾಹೇಬರು ಹೇಳಿದ್ದಾರೆ’ ಎಂದು ಬಹುವಚನದಲ್ಲಿ ಹೇಳುತ್ತೇವೆ, ಹೇಳದಿದ್ದರೆ ಅಗೌರವ. ಜಪಾನಿ ಭಾಷೆಯಲ್ಲಿ ಗ್ರಾಹಕರ ಮುಂದೆ ತಮ್ಮ ಮೇಲಧಿಕಾರಿಯ ಹೆಸರಿಗೆ ಗೌರವಸೂಚಕವಾದ ‘ಸಾನ್’ ಸೇರಿಸುವುದೇ ತಪ್ಪು, ಏಕೆಂದರೆ ಹೊರಗಿನವರೆದುರು ತಮ್ಮವರನ್ನು ತಗ್ಗಿಸಿ ಹೇಳುವುದು ಅಲ್ಲಿನ ಮರ್ಯಾದೆ. ಇದರ ಪರಿಚಯವಿಲ್ಲದವರಿಗೆ ಅವರು ಒರಟರಾಗಿ ಕಂಡಾರು, ನಾವು ಅವರಿಗೆ ಜಂಬದವರಾಗಿ ಕಂಡೇವು. ಆದ್ದರಿಂದ ಸಭೆ ಮುಗಿದ ದಿನವೇ, ನೀವು ಅರ್ಥಮಾಡಿಕೊಂಡದ್ದನ್ನು ಐದಾರು ಸರಳ ವಾಕ್ಯಗಳಲ್ಲಿ ಬರೆದು ಕಳಿಸಿ, ತಪ್ಪಿದ್ದರೆ ತಿದ್ದುವಂತೆ ಕೇಳಿ. ಮಾತಿನಲ್ಲಿ ‘ಇಲ್ಲ’ ಎನ್ನಲು ಹಿಂಜರಿಯುವವರೂ ಬರೆದದ್ದನ್ನು ತಿದ್ದಲು ಅಷ್ಟು ಹಿಂಜರಿಯುವುದಿಲ್ಲ.

ಮಲೆನಾಡಿನ ಮಳೆ (ಮೂರು ವಾರಗಳ ನಂತರ)

ಮೂವರಿಗೂ ಧನ್ಯವಾದಗಳು. ಈ ಸಲ ನಕ್ಷೆಯನ್ನು ಸಭೆಗೆ ನಾಲ್ಕು ದಿನ ಮೊದಲೇ ಅಲ್ಲಿನ ಕಿರಿಯ ಎಂಜಿನಿಯರ್ ಒಬ್ಬರಿಗೆ ಕಳಿಸಿ ಅಭಿಪ್ರಾಯ ಕೇಳಿದೆ. ಎರಡು ಕಡೆ ಕೆಂಪು ಗುರುತು ಹಾಕಿ ಮರಳಿಸಿದರು. ಸಭೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಅವರು ಸುಮ್ಮನಾದಾಗ, ಎಂದಿನಂತೆ ನಾನೇ ಮಾತು ತುಂಬಿಸದೆ ಕಾದೆ. ಆ ಮೌನ ಬಹಳ ಉದ್ದವೆನಿಸಿತು, ಆದರೆ ಅದರ ಕೊನೆಯಲ್ಲಿ ‘ಸ್ವಲ್ಪ ಕಷ್ಟ’ ಎಂಬ ಮಾತು ಬಂತು, ನಾವು ಆ ಭಾಗವನ್ನು ಅಲ್ಲಿಯೇ ಕೈಬಿಟ್ಟೆವು. ಈಗಿನ ಚಿಂತೆಯೆಂದರೆ, ನಿನ್ನೆ ಕಳಿಸಿದ ಟಿಪ್ಪಣಿಗೆ ಇನ್ನೂ ಉತ್ತರವಿಲ್ಲ.

ಯೊಕೊಹಾಮಾವಾಸಿ

ಆಗಸ್ಟ್ ತಿಂಗಳ ನಡುಭಾಗವಲ್ಲವೇ, ಪಿತೃಗಳನ್ನು ನೆನೆಯುವ ಓಬೊನ್‌ಗೆಂದು ಎಲ್ಲರೂ ಊರಿಗೆ ಹೋಗಿರುತ್ತಾರೆ. ಇದನ್ನೂ ನಿರಾಕರಣೆಯೆಂದು ಓದಿಕೊಳ್ಳಬೇಡಿ, ಮುಂದಿನ ವಾರದವರೆಗೆ ಕಾಯಿರಿ.